ಗೋರಿಯ ಫೋಟೋದಲ್ಲಿ ನಡೆದುಹೋದವನು

ಆ ಫೋಟೋದಲ್ಲಿ ಸತ್ತವನು ಮಲಗಿದ್ದ ರೀತಿಯೇ ನನ್ನ ಅಮ್ಮನಿಗೆ ಸರಿ ಕಾಣಲಿಲ್ಲ. ಸತ್ತವರು ಅಂಗಾತ ಮಲಗಬೇಕು, ತಲೆ ದಕ್ಷಿಣಕ್ಕಿರಬೇಕು, ಕಾಲಿನ ಎರಡು ಹೆಬ್ಬೆರಳನ್ನೂ ಸೇರಿಸಿ ನೂಲಿನಿಂದ ಕಟ್ಟಿರಬೇಕು. ಇವನು ನೋಡಿದರೆ ತನ್ನ ಗೋರಿಯ ಮೇಲೆಯೇ ಪಕ್ಕಕ್ಕೆ ಹೊರಳಿ, ಮೊಣಕೈಯನ್ನು ದಿಂಬಿಗೆ ಊರಿ, ಅಂಗೈಯಲ್ಲಿ ಕೆನ್ನೆ ಇಟ್ಟು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿಕೊಂಡು ಕಣ್ಣು ಮುಚ್ಚಿದ್ದ. ಮದುವೆ ಊಟ ಮುಗಿಸಿ ಜಗಲಿಯಲ್ಲಿ ಬಿದ್ದುಕೊಂಡ ನೆಂಟನ ಹಾಗೆ.

"ಇವನಿಗೆ ದಿಕ್ಕುದೆಸೆ ಇರಲಿಲ್ಲವಾ? ಕಾಲು ಕಟ್ಟುವುದಕ್ಕೂ ಒಂದು ಜನ ಇರಲಿಲ್ಲವಾ?" ಎಂದು ಅಮ್ಮ ಕೇಳಿದಳು.

ನಮ್ಮ ಮನೆಮಾತು ತುಳು. ಅಮ್ಮ ಅಂದದ್ದನ್ನು ಕನ್ನಡದಲ್ಲಿ ಬರೆಯುವಾಗ ಅದರ ಖಾರ ಅರ್ಧ ಇಳಿಯುತ್ತದೆ. ಏನು ಮಾಡುವುದು, ಬರೆಯಲು ಬರುವುದು ಇದೊಂದೇ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಪೇಟೆಯಿಂದ ನದಿಗೆ ಇಳಿಯುವ ಓಣಿಯ ಬಾಯಲ್ಲಿ ಬ್ಯಾರಿಯೊಬ್ಬರ, ಅಂದರೆ ನಮ್ಮ ಕಡೆಯ ಮುಸಲ್ಮಾನರೊಬ್ಬರ, ಗುಜರಿ ಅಂಗಡಿ ಇತ್ತು. ಶಾಲೆ ಬಿಟ್ಟು ಬಸ್ಸಿಗೆ ಕಾಯುವಾಗ ನನಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ಆ ಅಂಗಡಿಗೆ ನುಗ್ಗಿ ಹಳೆಯ ಕ್ಯಾಲೆಂಡರು, ಒಡೆದ ಪಿಂಗಾಣಿ, ಕಡ್ಡಿ ಇಲ್ಲದ ಕೊಡೆಗಳ ನಡುವೆ ಕೈಯಾಡಿಸುತ್ತಿದ್ದೆ. ಒಂದು ದಿನ ಅವರೇ ಕರೆದು, "ಟೀಚರೆ, ಫಾರಿನ್ ಮಾಲು ಉಂಟು, ನೋಡಿ ಹೋಗಿ" ಅಂದರು. ಯಾವುದೋ ಹಳೆಯ ಮನೆ ಖಾಲಿ ಮಾಡುವಾಗ ರದ್ದಿಯೊಟ್ಟಿಗೆ ಬಂದದ್ದಂತೆ.

ದಪ್ಪ ರಟ್ಟಿಗೆ ಅಂಟಿಸಿದ ಕಂದು ಬಣ್ಣದ ದೊಡ್ಡ ಫೋಟೋ. ಕೆಳಗೆ ನನಗೆ ಅರ್ಥವಾಗದ ಭಾಷೆಯಲ್ಲಿ ಒಂದು ಸಾಲು. ಗೋಡೆಗೆ ಸೇರಿಸಿ ಕಟ್ಟಿದ ಅಮೃತಶಿಲೆಯ ಕಮಾನು, ಎರಡು ಬದಿಯ ಗೂಡುಗಳಲ್ಲಿ ನಿಂತ ಹೆಂಗಸರು, ಅವರಲ್ಲಿ ಒಬ್ಬಳಿಗೆ ಮೂಗಿಲ್ಲ. ಕಮಾನಿನ ಒಳಗೆ ಪೆಟ್ಟಿಗೆಯಂಥ ಗೋರಿ, ಅದರ ಮೇಲೆ ಈ ಮನುಷ್ಯ. ನಾನು ಡಿಪ್ಲೊಮಾ ಮಾಡುವಾಗ ರಿನೈಸಾನ್ಸ್ ಎಂಬ ಪಾಠವಿತ್ತು. ಇಟಲಿಯ ಇಗರ್ಜಿಗಳಲ್ಲಿ ಮೊದಲು ಸತ್ತವರನ್ನು ಕೈಮುಗಿದು ಅಂಗಾತ ಮಲಗಿದ ಹಾಗೆ ಕೆತ್ತುತ್ತಿದ್ದರು, ಆಮೇಲೆ ಶಿಲ್ಪಿಗಳು ಅವರನ್ನು ಪಕ್ಕಕ್ಕೆ ಹೊರಳಿಸಿ ಕೈಯನ್ನು ತಲೆದಿಂಬು ಮಾಡಿ ಕೊಟ್ಟರು ಎಂದು ಅದರಲ್ಲಿ ಓದಿದ್ದೆ. ಪರೀಕ್ಷೆಗೆ ಬರೆದು ಮರೆತಿದ್ದೆ. ಈಗ ಆ ಪಾಠ ಎದುರಿಗೇ ಬಂದು ಮಲಗಿತ್ತು.

"ನಮ್ಮಲ್ಲಿ ತಲೆಗೊಂದು ಕಲ್ಲು, ಕಾಲಿಗೊಂದು ಕಲ್ಲು, ಮುಗಿಯಿತು" ಅಂದರು ಗುಜರಿಯವರು. "ಇವ ನೋಡಿ ಟೀಚರೆ, ಸತ್ತ ಮೇಲೆಯೂ ಪೋಸು ಕೊಡ್ತಾನೆ." ಕಾಗದ ಸುತ್ತಿ ಕೊಟ್ಟರು. ನಾನು ಅದನ್ನು ಎದೆಗವುಚಿಕೊಂಡು ಬಸ್ಸು ಹತ್ತಿದೆ.

ಆ ಬಸ್ಸಿನ ಕಂಡಕ್ಟರ್ ನನ್ನ ಅಪ್ಪ.

ಅಪ್ಪನ ಬಸ್ಸು ಮೂರು ಮೂಲೆಯ ದಾರಿ ಸುತ್ತುತ್ತಿತ್ತು. ಬಂಟ್ವಾಳದಿಂದ ಸಿದ್ದಕಟ್ಟೆಯ ಮೇಲೆ ಮೂಡುಬಿದಿರೆ, ಅಲ್ಲಿಂದ ವೇಣೂರಿನ ಮೇಲೆ ಬೆಳ್ತಂಗಡಿ, ಬೆಳ್ತಂಗಡಿಯಿಂದ ಪುಂಜಾಲಕಟ್ಟೆಯ ಮೇಲೆ ಮತ್ತೆ ಬಂಟ್ವಾಳ. ಬೆಳಿಗ್ಗೆ ಹೊರಟರೆ ಗಾಣದೆತ್ತಿನ ಹಾಗೆ ಸುತ್ತು. ಆದರೆ ಗಾಣದೆತ್ತಿಗೆ ಬೇಸರವಾಗುತ್ತದೆ, ಅಪ್ಪನಿಗೆ ಆಗುತ್ತಿರಲಿಲ್ಲ. ಅವನಿಗೆ ಬೇಸರವಾಗುತ್ತಿದ್ದದ್ದು ರಜೆಯ ದಿನ. ಮನೆಯಲ್ಲಿ ಕುರ್ಚಿಯಲ್ಲಿ ಕೂತರೆ ಕಾಲು ಕುಣಿಸುತ್ತಿದ್ದ, ಬೆರಳಿನಿಂದ ಮೇಜು ಬಡಿಯುತ್ತಿದ್ದ, ಎದ್ದು ಬಾವಿಕಟ್ಟೆಯವರೆಗೆ ಹೋಗಿ ಏನೂ ಮಾಡದೆ ವಾಪಸು ಬರುತ್ತಿದ್ದ. "ಇವರ ಅಂಗಾಲಿನಲ್ಲಿ ಇರುವೆ ಗೂಡು ಉಂಟು" ಎಂದು ಅಮ್ಮ ಬೈಯುತ್ತಿದ್ದಳು. ನನಗೂ ಅದೇ ರೋಗ. ಈ ಬರಹವನ್ನೂ ಒಂದೇ ಸಲಕ್ಕೆ ಕೂತು ಬರೆಯಲು ನನ್ನಿಂದಾಗಿಲ್ಲ.

ನಮ್ಮ ಮನೆ ಮೂಡುಬಿದಿರೆ ದಾಟಿ ವೇಣೂರಿಗೆ ಹೋಗುವ ರಸ್ತೆಯ ಬದಿಯಲ್ಲೇ ಇತ್ತು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಬಸ್ಸು ಮನೆ ಮುಂದೆ ನಿಲ್ಲುತ್ತಿತ್ತು. ಇಂಜಿನ್ ಆಫ್ ಮಾಡುವ ಪದ್ಧತಿ ಇಲ್ಲ. ಅಪ್ಪ ಇಳಿದು ಬಂದು, ಡ್ರೈವರಿಗೆ ಒಂದು ಚೆಂಬು ಮಜ್ಜಿಗೆ ತೆಗೆದುಕೊಂಡು ತಿರುಗಿ ಓಡುವವನು. ಊಟ ಎಂದರೆ "ಸಂಜೆಗೆ ಆಯಿತು" ಎನ್ನುವವನು. ಆಗ ಅಮ್ಮ ಹೊಸ್ತಿಲಿಗೆ ಅಡ್ಡ ನಿಂತು ಪ್ರತಿದಿನವೂ ಒಂದೇ ಮಾತು ಹೇಳುತ್ತಿದ್ದಳು: "ಒಣಸ್ ಮಲ್ತ್‌ದ್ ಪೋಲೆ." ಊಟ ಮಾಡಿ ಹೋಗಿ. ಅಪ್ಪ ಚರ್ಮದ ಚೀಲವನ್ನು ಹೆಗಲಿನಿಂದ ತೆಗೆಯದೆ, ನಿಂತುಕೊಂಡೇ, ಬಟ್ಟಲಿನಿಂದ ಬಾಯಿಗೆ ಹಾಕಿಕೊಂಡು ಓಡುತ್ತಿದ್ದ. ಪ್ರಯಾಣಿಕರು ಬೈಯುತ್ತಿರಲಿಲ್ಲ, ಅವರೂ ಇಳಿದು ನಮ್ಮ ಬಾವಿಯ ನೀರು ಕುಡಿಯುತ್ತಿದ್ದರು. ಬಸ್ಸಿನ ಮೈಗೆ ಅಂಗೈಯಿಂದ ಒಂದು ಪೆಟ್ಟು ಎಂದರೆ ನಿಲ್ಲಿಸು, ಎರಡು ಪೆಟ್ಟು ಎಂದರೆ ಹೊರಡು. ಆ ಎರಡು ಪೆಟ್ಟು ಕೇಳಿದ ಮೇಲೆಯೇ ಅಮ್ಮ ತಾನು ಊಟಕ್ಕೆ ಕೂರುತ್ತಿದ್ದಳು.

ಫೋಟೋಕ್ಕೆ ಗಾಜು ಹಾಕಿಸಿ ಚಾವಡಿಯಲ್ಲಿ ನೇತುಹಾಕಿದೆ. ಅದೇ ದಿನ ಅಮ್ಮ ಅದರ ಬಲಗಡೆಯ ಮೂಲೆಯನ್ನು ಕಂಡುಹಿಡಿದಳು. ಗೋರಿಯ ಕಾಲಬುಡದಲ್ಲಿ, ನೆಲದಿಂದ ಆಳೆತ್ತರಕ್ಕೆ ಒಂದು ಬಿಳಿ ಮಸುಕು. ತಲೆಯಂಥದ್ದು ಉಂಟು, ಮುಖವಿಲ್ಲ. ಕಾಲಿನಂಥದ್ದು ಉಂಟು, ಅದರೊಳಗಿಂದ ಹಿಂದಿನ ಕಂಬ ಕಾಣುತ್ತದೆ.

"ಇದು ಅವನ ಕುಲೆ" ಎಂದಳು ಅಮ್ಮ.

ಕುಲೆ ಎಂದರೆ ಸತ್ತವರ ಜೀವ, ಇನ್ನೂ ಹಿರಿಯರ ಸಾಲಿಗೆ ಸೇರದೆ ಹೊರಗೆ ಉಳಿದದ್ದು. ನಮ್ಮಲ್ಲಿ ಹೆಬ್ಬೆರಳು ಕಟ್ಟುವುದು, ಹದಿನಾರು ದಿನದ ಒಳಗೆ ಕರೆದು ಬಡಿಸಿ ಒಳಗೆ ಮಾಡಿಕೊಳ್ಳುವುದು, ಎಲ್ಲ ಅದು ಅಲೆಯಬಾರದು ಎಂದೇ. ಅಮ್ಮನಿಗೆ ಫೋಟೋ ಹಗಲಿನಷ್ಟು ಸ್ಪಷ್ಟವಾಗಿ ಅರ್ಥವಾಗಿತ್ತು. ಕಾಲು ಕಟ್ಟಲಿಲ್ಲ, ಆದ್ದರಿಂದ ಕುಲೆ ಎದ್ದು ಗೋರಿಯ ಸುತ್ತ ತಿರುಗುತ್ತಿದೆ, ಯಾರೋ ಫೋಟೋ ಹೊಡೆದಿದ್ದಾರೆ.

ನಾನು ಟೀಚರ್ ಅಲ್ಲವೇ, ವಿವರಿಸಲು ಹೋದೆ. ಹಳೆಯ ಕ್ಯಾಮರಾ ಮಂದ ಬೆಳಕಿನಲ್ಲಿ ಬಹಳ ಹೊತ್ತು ಕಣ್ಣು ತೆರೆದಿರಬೇಕು. ಅಲ್ಲಾಡದೆ ಇದ್ದದ್ದು ಮಾತ್ರ ಸರಿಯಾಗಿ ಮೂಡುತ್ತದೆ, ನಡೆದುಹೋದದ್ದು ಹೀಗೆ ಹೊಗೆಯಾಗುತ್ತದೆ. ಇಗರ್ಜಿಗೆ ಬಂದ ಯಾರೋ ಒಬ್ಬ ಮನುಷ್ಯ ಇದು, ಅಷ್ಟೆ.

"ಅಷ್ಟು ಹೊತ್ತು ಕಣ್ಣು ತೆರೆದು ಕೂತರೆ ಕುಲೆಯೂ ಕಾಣ್ತದೆ" ಎಂದಳು ಅಮ್ಮ. ನನಗೆ ಸಿಟ್ಟು ಬಂತು.

ಅಪ್ಪ ಮಾತ್ರ ಫೋಟೋದ ಮುಂದೆ ನಿಂತ. ಅವನು ಒಂದು ಕಡೆ ನಿಂತದ್ದೇ ನಮಗೆ ಆಶ್ಚರ್ಯ. ಮಲಗಿದವನನ್ನು ನೋಡಿ, "ಕೊನೆಯ ಬಸ್ಸು ತಪ್ಪಿದವನ ಹಾಗೆ ಮಲಗಿದ್ದಾನೆ ಪಾಪ" ಅಂದ. ಆಮೇಲೆ ಮೂಲೆಯ ಮಸುಕಿನ ಮೇಲೆ ಬೆರಳಿಟ್ಟ.

"ಇಡೀ ಇಗರ್ಜಿಯಲ್ಲಿ ಜೀವ ಇದ್ದದ್ದು ಇವನೊಬ್ಬನಿಗೆ. ಅವನೇ ಸರಿ ಕಾಣುವುದಿಲ್ಲ ನೋಡು. ಟಿಕೆಟ್ ತೆಗೊಳ್ಳದೆ ಇಳಿದು ಓಡಿದ ಗಿರಾಕಿ. ಇದು ನಾನೇ ಮಾರಾಯ್ತಿ."

ಅದು ಪೂರ್ತಿ ತಮಾಷೆಯಲ್ಲ. ನಮ್ಮಲ್ಲಿದ್ದ ಅವರ ಮದುವೆಯ ಫೋಟೋದಲ್ಲಿ ಅಮ್ಮ ಕುರ್ಚಿಯಲ್ಲಿ ಕೂತು ಕ್ಯಾಮರಾವನ್ನು ದುರುಗುಟ್ಟಿ ನೋಡುತ್ತಿದ್ದಾಳೆ, ಪಕ್ಕದಲ್ಲಿ ನಿಂತ ಅಪ್ಪನ ಶರಟು, ಕೈ, ವಾಚು ಎಲ್ಲ ಸರಿ ಇದೆ, ಮುಖ ಮಾತ್ರ ಕಲಸಿಹೋಗಿದೆ. ಸ್ಟುಡಿಯೋದವನು ಎಷ್ಟು ಹೇಳಿದರೂ ಆ ಕ್ಷಣಕ್ಕೆ ಹೊರಗೆ ಯಾವುದೋ ಬಸ್ಸಿನ ಹಾರ್ನ್ ಕೇಳಿ ತಿರುಗಿದನಂತೆ. ಆಮೇಲಿನ ಫೋಟೋಗಳಲ್ಲೂ ಅವನು ಅರ್ಧ ಹೊರಗೆ, ಇಲ್ಲವೇ ಬೆನ್ನು. ಕಂಡಕ್ಟರ್ ಲೈಸನ್ಸಿನ ಫೋಟೋ ಒಂದೇ ನೆಟ್ಟಗೆ ಬಂದದ್ದು, ಅದರಲ್ಲಿ ಅವನು ತೆಂಗಿನಕಾಯಿ ಕದ್ದು ಸಿಕ್ಕಿಬಿದ್ದವನಂತೆ ಕಾಣುತ್ತಿದ್ದ.

ಗೋರಿಯ ಫೋಟೋ ಚಾವಡಿಯಲ್ಲೇ ಉಳಿಯಿತು, ಜಗಳವೂ ಉಳಿಯಿತು. ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅಮ್ಮ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸುತ್ತಿದ್ದಳು. ಅವರು ಹೋದ ಮೇಲೆ ನಾನು ಸರಿ ಮಾಡುತ್ತಿದ್ದೆ. ಒಂದು ಸಲ ಬಂದ ಹುಡುಗನ ಅತ್ತೆಯೊಬ್ಬಳು ಕುತೂಹಲಕ್ಕೆ ತಿರುಗಿಸಿ ನೋಡಿ, ಚಾ ಅರ್ಧಕ್ಕೇ ಬಿಟ್ಟು ಎದ್ದಳು. ಚಾವಡಿಯಲ್ಲಿ ಗೋರಿ ತೂಗಿಸಿದವರ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ನನಗೆ ಅದರಿಂದ ದುಃಖವೇನೂ ಆಗಲಿಲ್ಲ. ಆ ಹುಡುಗ ಬಂದಾಗಿನಿಂದ ಸೋಫಾದಲ್ಲಿ ಅಲ್ಲಾಡದೆ ಕೂತಿದ್ದ, ಅದೇ ನನಗೆ ಹಿಡಿಸಿರಲಿಲ್ಲ.

ಅಪ್ಪನಿಗೆ ನಾನು ಒಂದು ಮಾತು ಕೊಟ್ಟದ್ದು ಬಸ್ಸಿನಲ್ಲಿ. ಅಪ್ಪನೊಟ್ಟಿಗೆ ಬಹಳ ಕಾಲ ಓಡಿಸಿದ ಡ್ರೈವರ್ ತೀರಿಹೋಗಿದ್ದರು. ಅವರ ಮನೆ ಕಕ್ಕಿಂಜೆಯ ಕಡೆ. ಅಪ್ಪ ಬೆಳ್ತಂಗಡಿಯಲ್ಲಿ ಟ್ರಿಪ್ಪನ್ನು ಬೇರೆಯವನಿಗೆ ಕೊಟ್ಟು ಚಾರ್ಮಾಡಿಯ ಬಸ್ಸು ಹತ್ತಿ ನೋಡಲು ಹೋಗಿದ್ದ. ಮರುದಿನ ಸಂಜೆ ನಾನು ಶಾಲೆಯಿಂದ ಮರಳುವಾಗ ಸಿದ್ದಕಟ್ಟೆ ದಾಟಿದ ಮೇಲೆ ಬಸ್ಸು ತುಂಬಿತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ. ಅಪ್ಪ ಟಿಕೆಟ್ ಹರಿಯುತ್ತಾ ನನ್ನವರೆಗೆ ಬಂದು, ಕಂಬಿ ಹಿಡಿದು ಬಗ್ಗಿ, ಯಾವ ಪೀಠಿಕೆಯೂ ಇಲ್ಲದೆ ಹೇಳಿದ:

"ಆಕ್ಸಿಲೇಟರ್ ಒತ್ತಿದ ಕಾಲು ಮಾರಾಯ್ತಿ ಅದು. ಇಳಿಜಾರಿನಲ್ಲಿ ನನ್ನನ್ನು ಎಷ್ಟು ಸಲ ಉಳಿಸಿದ ಕಾಲು. ಅದಕ್ಕೆ ನೂಲು ಕಟ್ಟಿದ್ದಾರೆ!"

"ಎಲ್ಲರಿಗೂ ಕಟ್ತಾರೆ ಅಪ್ಪ."

"ನನಗೆ ಕಟ್ಟಬಾರದು. ಹೇಗೆ ಬೇಕಾದರೂ ಮಲಗಿಸಿ, ಎಲ್ಲಿ ಬೇಕಾದರೂ ಸುಡಿ. ಹೆಬ್ಬೆರಳು ಕಟ್ಟಬೇಡಿ. ಆ ನಿನ್ನ ಇಟಲಿಯವನನ್ನು ನೋಡು, ಕಾಲ ಮೇಲೆ ಕಾಲು ಹಾಕಿ ಎಷ್ಟು ಆರಾಮ ಇದ್ದಾನೆ. ನೀನು ಹೇಳಬೇಕು. ಟೀಚರ್ ಹೇಳಿದರೆ ಕೇಳ್ತಾರೆ."

ಪಕ್ಕದ ಸೀಟಿನ ಹೆಂಗಸು ಮೀನಿನ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕಿವಿ ಇಲ್ಲೇ ಇಟ್ಟಿದ್ದಳು. ನನಗೆ ನಾಚಿಕೆಯಾಯಿತು. "ಆಯ್ತು, ಹೇಳ್ತೇನೆ. ನೀವು ಮೊದಲು ಟಿಕೆಟ್ ಕೊಡಿ" ಅಂದೆ. ಅವನು ಹಗುರಾದವನಂತೆ ಮುಂದೆ ಹೋದ. ಭಾರ ನನ್ನ ಮೇಲೆ ಬಿತ್ತು.

ಮಾತು ಕೊಡುವುದು ಸುಲಭ. ಆದರೆ ಕಟ್ಟುವವರು ಯಾರು? ನಮ್ಮ ಕೂಡುಕಟ್ಟಿನ ಗುರಿಕಾರರು, ಅಂದರೆ ಹುಟ್ಟು ಸಾವು ಮದುವೆಗಳಿಗೆ ಮುಂದೆ ನಿಂತು ಕಟ್ಟಳೆ ನಡೆಸುವ ಹಿರಿಯರು. ಅವರ ಮಾತಿಗೆ ಎದುರು ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಅವರಿಗಿಂತ ಹೆಚ್ಚಾಗಿ ಅಮ್ಮ. ಫೋಟೋದ ಕುಲೆಗೇ ಹೆದರಿ, ದೀಪ ಹಚ್ಚಿದ ಮೇಲೆ ಆ ಮೂಲೆಯ ಕಡೆ ನೋಡದೆ ಒಳಗೆ ಹೋಗುವವಳು. ಅವಳ ಗಂಡನ ಕಾಲನ್ನೇ ಕಟ್ಟದೆ ಬಿಡಿ ಎಂದರೆ ಅವಳು ಆ ಮನೆಯಲ್ಲಿ ಹೇಗೆ ಬದುಕುತ್ತಾಳೆ? ಅಮ್ಮನ ಹತ್ತಿರ ಹೇಳೋಣ ಎಂದು ಅಡಿಗೆಮನೆಗೆ ಹೋಗುವುದು, ಏನೋ ನೆಪ ಹೇಳಿ ತಿರುಗಿ ಬರುವುದು, ಇದೇ ಆಯಿತು ವರ್ಷಗಟ್ಟಲೆ. ಅಪ್ಪ ಗಟ್ಟಿಮುಟ್ಟಾಗಿದ್ದ, ಅವಸರವೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಹೊಸ ಶತಮಾನ ಬಂದಿತ್ತು. ಗುರುವಾಯನಕೆರೆ ದಾಟಿ ಪುಂಜಾಲಕಟ್ಟೆಗೆ ಬರುವಾಗ ಟಿಕೆಟ್ ಹರಿಯುತ್ತಿದ್ದ ಅಪ್ಪ ಹಾಗೆಯೇ ಒಬ್ಬರ ಮೈಮೇಲೆ ಒರಗಿದನಂತೆ. ಬಸ್ಸು ಯಾವ ಸ್ಟಾಪಿನಲ್ಲೂ ನಿಲ್ಲದೆ, ಯಾರನ್ನೂ ಇಳಿಸದೆ ನೇರ ಆಸ್ಪತ್ರೆಗೆ ಹೋಯಿತು. ಇಳಿಯಬೇಕಾದವರು ಒಬ್ಬರೂ ಬಸ್ಸಿಗೆ ಒಂದು ಪೆಟ್ಟು ಹೊಡೆಯಲಿಲ್ಲ ಎಂದು ಆಮೇಲೆ ಡ್ರೈವರ್ ಹೇಳಿದ. ಜೀವ ಉಳಿಯಿತು. ಎಡಭಾಗ ಹೋಯಿತು, ಮಾತು ಹೋಯಿತು.

ಚಾವಡಿಯಲ್ಲೇ ಮಂಚ ಹಾಕಿದೆವು, ರಸ್ತೆ ಕಾಣಲಿ ಎಂದು. ಆ ಗೋಡೆಯಲ್ಲೇ ಫೋಟೋ. ಇಷ್ಟು ಕಾಲ ಓಡಾಡಿದ ಮನುಷ್ಯ ಅಂಗಾತ ಬಿದ್ದು ಮಾಡಿನ ಹಂಚು ನೋಡುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ನಾನು ಆ ದಿನಗಳಲ್ಲಿ ಯಾರ ಮೇಲಾದರೂ ರೇಗುತ್ತಿದ್ದೆ. ಶಾಲೆಯ ಮಕ್ಕಳ ಮೇಲೆ, ಹಾಲಿನವನ ಮೇಲೆ, ಔಷಧಿ ಅಂಗಡಿಯ ಸಾಲಿನ ಮೇಲೆ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ, ಆಗಾಗ ಹೊರಳಿಸಿ ಎಂದು ಡಾಕ್ಟರು ಹೇಳಿದ್ದರು. ಹೇಗೆ ಹೊರಳಿಸುವುದು ಎಂದು ನಮಗೆ ಗೊತ್ತಾಗಲಿಲ್ಲ. ಪಕ್ಕಕ್ಕೆ ಮಾಡಿದರೆ ಮರದ ದಿಮ್ಮಿಯ ಹಾಗೆ ಮಗುಚಿ ಬರುತ್ತಿದ್ದ.

ದಾರಿ ತೋರಿಸಿದವನು ಅಪ್ಪನೇ. ಒಂದು ಬೆಳಿಗ್ಗೆ ನಾವಿಬ್ಬರೂ ಅವನನ್ನು ಹಿಡಿದು ಒದ್ದಾಡುವಾಗ ಬಲಗೈಯಿಂದ ಮಂಚದ ಪಟ್ಟಿಗೆ ಎರಡು ಪೆಟ್ಟು ಹೊಡೆದ. ಹೊರಡು ಎಂಬ ಪೆಟ್ಟು. ಆಮೇಲೆ ಬೆರಳು ಎತ್ತಿ ಗೋಡೆಯ ಕಡೆ ತೋರಿಸಿದ. ನನಗೆ ಹೊಳೆಯಿತು. ಫೋಟೋವನ್ನು ಕೆಳಗಿಳಿಸಿ ಮಂಚದ ಬದಿಗೆ ನಿಲ್ಲಿಸಿ, ಪಾಠದ ಮಾದರಿಯ ಹಾಗೆ ನೋಡಿ ನೋಡಿ ಮಾಡಿದೆವು. ಬಲಮಗ್ಗುಲಿಗೆ ಹೊರಳಿಸುವುದು, ಬೆನ್ನಿಗೆ ಒಂದು ದಿಂಬು, ಮೊಣಕೈಯ ಕೆಳಗೆ ಮಡಚಿದ ಕಂಬಳಿ, ಅಂಗೈ ಮೇಲೆ ಕೆನ್ನೆ. ಕೊನೆಗೆ ಎಡಗಾಲನ್ನು ಎತ್ತಿ ಬಲಗಾಲಿನ ಮೇಲೆ ಹಾಕಿದೆ. ಅಪ್ಪ ಮಗುಚಲಿಲ್ಲ. ಹಾಗೆಯೇ ಇದ್ದ, ರಸ್ತೆಗೆ ಮುಖ ಮಾಡಿ. ಆ ಶಿಲ್ಪಿ ಯಾರೋ ಏನೋ, ಮನುಷ್ಯನ ಭಾರ ಎಲ್ಲೆಲ್ಲಿ ಊರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಅಂದಿನಿಂದ ಅದೇ ಭಾಷೆಯಾಯಿತು. ಎರಡು ಪೆಟ್ಟು, ಫೋಟೋದ ಕಡೆ ಬೆರಳು: ನನ್ನನ್ನು ಹೊರಳಿಸಿ. ಒಂದು ಪೆಟ್ಟು: ಸಾಕು, ಬೇಡ. ಅಮ್ಮ ಈಗ ಆ ಫೋಟೋವನ್ನು ದಿನಕ್ಕೆ ಎಷ್ಟೋ ಸಲ ನೋಡಲೇಬೇಕಾಗಿತ್ತು. ದಿಂಬು ಎಷ್ಟು ಮೇಲೆ, ಭುಜ ಎಷ್ಟು ಮುಂದೆ ಎಂದು ಸತ್ತವನನ್ನು ನೋಡಿ ಬದುಕಿದವನನ್ನು ಸರಿಮಾಡುತ್ತಿದ್ದಳು. ಮೂಲೆಯ ಮಸುಕಿಗೆ ಹೆದರಲು ಅವಳಿಗೆ ಪುರಸೊತ್ತು ಇರಲಿಲ್ಲ.

ಒಂದು ಮಧ್ಯಾಹ್ನ ಅವನಿಗೆ ಗಂಜಿ ಕುಡಿಸುತ್ತಾ ಅಮ್ಮ ಅಂದಳು, "ನೋಡಿ, ಕೊನೆಗೆ ನೀವು ಆ ಕಲ್ಲಿನವನೇ ಆದಿರಿ."

ಅಪ್ಪ ಪಟ್ಟಿಗೆ ಒಂದು ಪೆಟ್ಟು ಹೊಡೆದ. ಬೇಡ. ಅಲ್ಲ. ಬೆರಳು ಮೆಲ್ಲಗೆ ಎದ್ದು, ಮಲಗಿದವನನ್ನು ದಾಟಿ, ಗಾಜಿನ ಬಲಮೂಲೆಗೆ ಹೋಗಿ ನಿಂತಿತು. ಅಮ್ಮ ಚಮಚವನ್ನು ಬಟ್ಟಲಿನಲ್ಲಿ ಇಟ್ಟಳು. ಆಮೇಲೆ ಸೆರಗಿನಿಂದ ಅವನ ಗಲ್ಲ ಒರೆಸಿ, "ಹೌದು, ಗೊತ್ತುಂಟು" ಎಂದಳು. ಹೊರಗೆ ನಮ್ಮ ಬಸ್ಸು ಹೋಯಿತು. ಹೊಸ ಕಂಡಕ್ಟರ್ ಮನೆ ಮುಂದೆ ಬರುವಾಗ ಹಾರ್ನ್ ಹಾಕಿಸುತ್ತಿದ್ದ, ಆದರೆ ನಿಲ್ಲಿಸುತ್ತಿರಲಿಲ್ಲ.

ಅಪ್ಪ ತೀರಿಕೊಂಡದ್ದು ಹಾಗೆ ಹೊರಳಿಸಿದ ಮಗ್ಗುಲಲ್ಲೇ, ಮಧ್ಯಾಹ್ನದ ಹೊತ್ತು. ನಾನು ಬಂಟ್ವಾಳದಿಂದ ಬರುವಷ್ಟರಲ್ಲಿ ಜನ ಸೇರಿದ್ದರು. ಅವನನ್ನು ನೆಲಕ್ಕೆ ಇಳಿಸಿ ಬಾಳೆ ಎಲೆಯ ಮೇಲೆ ಅಂಗಾತ ಮಲಗಿಸಿಯಾಗಿತ್ತು. ಕೆನ್ನೆಯ ಅಡಿಯಿಂದ ಕೈ ತೆಗೆದು ಮೈಯ ಉದ್ದಕ್ಕೆ ಚಾಚಿದ್ದರು. ನಮ್ಮ ಅಳಿಯಕಟ್ಟಿನ ಪ್ರಕಾರ ಕ್ರಿಯೆ ಮಾಡಬೇಕಾದ ಅಪ್ಪನ ಸೋದರಳಿಯ ತಲೆಗೆ ನೀರು ಹಾಕಿಕೊಂಡು ಬಂದು ನಿಂತಿದ್ದ. ಅಮ್ಮ ತಲೆಯ ಹತ್ತಿರ ಕೂತಿದ್ದಳು, ಅಳುತ್ತಿರಲಿಲ್ಲ. ಗುರಿಕಾರರು ಕಾಲಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಳಿ ನೂಲನ್ನು ಬೆರಳಿಗೆ ಸುತ್ತಿ ಎಳೆ ಕೂಡಿಸುತ್ತಿದ್ದರು.

"ಕಟ್ಟಬೇಡಿ" ಅಂದೆ. ಯಾರಿಗೂ ಕೇಳಲಿಲ್ಲ. ಮತ್ತೆ ಹೇಳಿದೆ, ಈ ಸಲ ಕ್ಲಾಸಿನಲ್ಲಿ ಹೇಳುವ ಹಾಗೆ. "ಕಾಲು ಕಟ್ಟಬೇಡಿ. ಅಪ್ಪ ಬೇಡ ಅಂದಿದ್ದಾರೆ. ನಾನು ಮಾತು ಕೊಟ್ಟಿದ್ದೇನೆ."

ಗುರಿಕಾರರು ತಲೆ ಎತ್ತಿದರು. ಕೆಟ್ಟವರಲ್ಲ ಅವರು. ಅಪ್ಪನ ಬಸ್ಸಿನಲ್ಲೇ ಜೀವಮಾನ ಪೂರ್ತಿ ಓಡಾಡಿದವರು. "ಟೀಚರೆ, ಇದು ಶಾಲೆ ಅಲ್ಲ" ಅಂದರು ಮೆಲ್ಲಗೆ. "ಇರುವಾಗ ಎಷ್ಟೋ ಹೇಳ್ತಾರೆ. ಕಟ್ಟದಿದ್ದರೆ ಕುಲೆ ಅಲೆಯುತ್ತದೆ. ಇವತ್ತು ನೀವು ಬೇಡ ಅಂತೀರಿ, ನಾಳೆ ಈ ಮನೆಯಲ್ಲಿ ಇರಬೇಕಾದವರು ಯಾರು? ನಿಮ್ಮ ಅಮ್ಮ."

ಅದು ನಿಜವಾಗಿತ್ತು. ಎಲ್ಲರೂ ಅಮ್ಮನನ್ನು ನೋಡಿದರು. ನಾನು ಮಾತ್ರ ನೋಡಲಿಲ್ಲ. ಅವಳಿಗೆ ಇದನ್ನು ಮೊದಲೇ ಹೇಳದೆ ಉಳಿದ ನಾನು ಈಗ ಯಾವ ಮುಖದಿಂದ ನೋಡಲಿ.

ಅಮ್ಮ ಮಂಚದ ಕಡೆ ತಿರುಗಿದಳು. ಹಾಸಿಗೆ ಮಡಚಿದ್ದರು. ಬದಿಯಲ್ಲಿ ಫೋಟೋ ಹಾಗೆಯೇ ನಿಂತಿತ್ತು, ಜನರ ಕಾಲಿಗೆ ತಾಗಿ ಸ್ವಲ್ಪ ವಾಲಿತ್ತು. ಅವಳು ಕೈಚಾಚಿ ಅದನ್ನು ನೆಟ್ಟಗೆ ಮಾಡಿದಳು.

"ಅಲೆಯಲಿ" ಎಂದಳು.

ಗುರಿಕಾರರಿಗೆ ಕೇಳಿಸಲಿಲ್ಲವೋ ಏನೋ, "ಏನು?" ಅಂದರು.

"ಅಲೆಯಲಿ ಅಂತ. ಅವರಿಗೆ ಅದೇ ಅಲ್ಲವಾ ಬೇಕಿದ್ದದ್ದು? ಇಷ್ಟು ಸಮಯ ಈ ಮಂಚಕ್ಕೆ ಕಟ್ಟಿ ಹಾಕಿದ್ದು ಸಾಲದಾ? ನಾನು ಹೆದರುವುದಿಲ್ಲ. ನನ್ನ ಗಂಡ ಬಂದರೆ ನಾನು ಯಾಕೆ ಹೆದರಬೇಕು?"

ಆಗ ಅವಳು ಅತ್ತಳು. ನಾನೂ ಅತ್ತೆ. ಗುರಿಕಾರರು ಬೆರಳಿಗೆ ಸುತ್ತಿದ್ದ ನೂಲನ್ನು ಬಿಚ್ಚಿದರು. ಆಮೇಲೆ ಅದನ್ನು ಉಂಡೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. "ಎತ್ತುವ" ಎಂದರು. ಚಟ್ಟದ ಮೇಲೆ ಅಪ್ಪನ ಕಾಲುಗಳು ಎರಡು ಕಡೆಗೆ ಸಡಿಲವಾಗಿ ತೆರೆದುಕೊಂಡಿದ್ದವು. ರಸ್ತೆಗೆ ಹೋಗುವವರೆಗೂ ನಾನು ಅದನ್ನೇ ನೋಡುತ್ತಿದ್ದೆ.

ಊರವರು ಬಾಯಿ ಮುಚ್ಚಿ ಕೂರುವವರಲ್ಲ. ನಾನು ಬಸ್ಸು ಹತ್ತಿದರೆ ಮಾತು ನಿಲ್ಲುತ್ತಿತ್ತು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನದವರೆಗೂ ಗುರಿಕಾರರು ಮನೆಗೆ ಬಂದು ಹೋಗುತ್ತಾ ಅಮ್ಮನನ್ನು ಕೇಳುತ್ತಿದ್ದರು, ಏನಾದರೂ ಸದ್ದು, ಕನಸು, ನಾಯಿ ಬೊಗಳುವುದು ಉಂಟಾ ಎಂದು. ಅಮ್ಮ ಇಲ್ಲ ಎನ್ನುತ್ತಿದ್ದಳು. ಇಲ್ಲ ಎನ್ನುವಾಗ ಅವಳ ದನಿಯಲ್ಲಿ ಒಂದು ಬಗೆಯ ಬೇಸರವಿತ್ತು.

ಬೊಜ್ಜದ ಸಂಜೆ ಸತ್ತವರನ್ನು ಒಳಗೆ ಕರೆಯುವ ಕ್ರಮ. ಚಾವಡಿಯ ಮೂಲೆಯಲ್ಲಿ ಮಣೆ ಇಟ್ಟು, ದೀಪ ಹಚ್ಚಿ, ಬಾಳೆ ಎಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಗುರಿಕಾರರು ಬಾಗಿಲಿನಿಂದ ಕರೆಯುತ್ತಾರೆ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು. ಅಷ್ಟಾದರೆ ಕುಲೆ ಹಿರಿಯರ ಸಾಲಿಗೆ ಸೇರಿತು, ಇನ್ನು ಅಲೆಯುವುದಿಲ್ಲ ಎಂದು ಲೆಕ್ಕ. ಕಾಲು ಕಟ್ಟದೆ ಬಿಟ್ಟದ್ದಕ್ಕೆ ಇದನ್ನಾದರೂ ಸರಿಯಾಗಿ ಮಾಡುವ ಎಂದು ಗುರಿಕಾರರು ಬಹಳ ಕಾಳಜಿಯಿಂದ ಎಲ್ಲ ಅಣಿ ಮಾಡಿಸಿದ್ದರು.

"ಮಣೆಯ ಮೇಲೆ ಇಡಲಿಕ್ಕೆ ಒಂದು ಫೋಟೋ ಬೇಕಿತ್ತು" ಅಂದರು. ಸೋದರಳಿಯ ಲೈಸನ್ಸಿನ ಫೋಟೋವನ್ನು ದೊಡ್ಡದು ಮಾಡಿಸಿ ತಂದಿದ್ದ. ಅಮ್ಮ ಅದನ್ನು ನೋಡಿ, "ಇದು ಅವರಲ್ಲ" ಎಂದು ಬದಿಗಿಟ್ಟಳು. ಒಳಗೆ ಹೋಗಿ ಇಟಲಿಯ ಗೋರಿಯ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮಣೆಯ ಮೇಲೆ ಗೋಡೆಗೆ ಒರಗಿಸಿದಳು. ಗಂಧದ ಬಟ್ಟಲಿನಲ್ಲಿ ಬೆರಳು ಅದ್ದಿದಳು.

"ಅದು ಯಾರೋ ಪರದೇಶದವನಲ್ಲವಾ?" ಎಂದರು ಗುರಿಕಾರರು ಗಾಬರಿಯಿಂದ, ಮಲಗಿದವನನ್ನು ನೋಡುತ್ತಾ.

"ಅವನಲ್ಲ" ಎಂದಳು ಅಮ್ಮ. ಗಾಜಿನ ಬಲಮೂಲೆಯಲ್ಲಿ, ಮುಖವಿಲ್ಲದ ಆ ಮಸುಕಿನ ಹಣೆ ಇರಬೇಕಾದ ಜಾಗಕ್ಕೆ ಗಂಧದ ಬೊಟ್ಟು ಇಟ್ಟಳು. "ಇದು ಇವರು."

ಗುರಿಕಾರರು ಬಾಗಿಲಿಗೆ ಮುಖಮಾಡಿ, ಕಟ್ಟಳೆಯ ಪ್ರಕಾರ ಕರೆದರು: "ಉಲಾಯಿ ಬಲೆ." ಒಳಗೆ ಬನ್ನಿ. ಸೋದರಳಿಯ ಬಾಗಿಲು ಮುಚ್ಚಲು ಕೈಹಾಕಿದ. ಅಮ್ಮ ಹೋಗಿ ಹೊಸ್ತಿಲಿನಲ್ಲಿ ನಿಂತಳು, ಬಾಗಿಲು ಮುಚ್ಚಲಾಗದ ಹಾಗೆ. ಹೊರಗೆ ಇನ್ನೂ ಬೆಳಕಿತ್ತು, ರಸ್ತೆ ಖಾಲಿಯಿತ್ತು.

"ಒಣಸ್ ಮಲ್ತ್‌ದ್ ಪೋಲೆ" ಎಂದಳು. ಊಟ ಮಾಡಿ ಹೋಗಿ.